ಉರಿಯೂತದ ಕರುಳಿಗೆ ಶಾಖವೇಕೆ? ಚೀನಾದ ಮಾಕ್ಸಾ ಚಿಕಿತ್ಸೆಯ ಒಳಹೊರಗು

ಕರುಳಿನಲ್ಲಿ ಹುಣ್ಣಾಗಿ, ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುತ್ತಿರುವ ರೋಗಿಯ ಹೊಟ್ಟೆಯ ಮೇಲೆ ಒಣಸೊಪ್ಪಿನ ಕೆಂಡದ ಶಾಖ ಕೊಡುತ್ತಾರೆ ಎಂದರೆ ನಮ್ಮಲ್ಲಿ ಯಾರಾದರೂ ಮೊದಲು ಕೇಳುವುದು ಒಂದೇ: ಉಷ್ಣದ ಕಾಯಿಲೆಗೆ ಮತ್ತೆ ಉಷ್ಣವೇ? ಪ್ರಶ್ನೆ ನ್ಯಾಯವಾದದ್ದು. ಚೀನಾದ ವೈದ್ಯರೂ ಸುಮಾರು ಎರಡು ಸಾವಿರ ವರ್ಷಗಳಿಂದ ಇದರ ಬಗ್ಗೆ ತಮ್ಮತಮ್ಮಲ್ಲೇ ವಾದ ಮಾಡುತ್ತ ಬಂದಿದ್ದಾರೆ. ಈಗ ಅದೇ ವಾದ ಶಾಂಘೈನ ಪ್ರಯೋಗಾಲಯಗಳನ್ನೂ ಆಸ್ಪತ್ರೆಗಳನ್ನೂ ತಲುಪಿ, ಅಂಕಿಅಂಶಗಳ ರೂಪದಲ್ಲಿ ನಮ್ಮ ಮುಂದಿದೆ. ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ಈ ಕಾಯಿಲೆಯಿಂದ ನರಳುವವರಿಗೂ ಅವರ ಮನೆಯವರಿಗೂ ಗೊತ್ತಿರಬೇಕು.

ಚಿಕಿತ್ಸೆಯ ಹೆಸರು ಮಾಕ್ಸಿಬಷನ್. ಅಕ್ಯುಪಂಕ್ಚರ್ ಎಂದು ಜಗತ್ತಿಗೆ ಪರಿಚಯವಾದ ಪದ್ಧತಿಯನ್ನು ಚೀನೀಯರು ‘ಝೆನ್‌ಜಿಯು’ ಎನ್ನುತ್ತಾರೆ. ಸೂಜಿ ಮತ್ತು ಬೆಂಕಿ ಎರಡೂ ಸೇರಿದ ಜೋಡಿ ಅದು. ಹೊರದೇಶಗಳಿಗೆ ಬಂದಾಗ ಸೂಜಿ ಮುಂದೆ ಹೋಯಿತು, ಬೆಂಕಿ ಹಿಂದೆ ಉಳಿಯಿತು. ಆದರೆ ಬರಹದ ದಾಖಲೆಯಲ್ಲಿ ಬೆಂಕಿಯೇ ಹಿರಿಯದು. ಚಾಂಗ್ಶಾ ನಗರದ ಬಳಿಯ ಮಾವಾಂಗ್‌ದುಯಿಯಲ್ಲಿ 1973ರಲ್ಲಿ ಅಗೆದ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಮೈಯಲ್ಲಿ ಹರಿಯುವ ನಾಳಗಳನ್ನು ವರ್ಣಿಸುವ ಆ ಬರಹಗಳು ಚಿಕಿತ್ಸೆಯಾಗಿ ಹೇಳುವುದು ಸುಡುವ ಕ್ರಮವನ್ನು ಮಾತ್ರ. ಸೂಜಿಯ ಸುದ್ದಿಯೇ ಇಲ್ಲ.

ಮೊದಲು ಕಾಯಿಲೆಯ ಮಾತು. ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಚಿಕ್ಕದಾಗಿ ಐಬಿಡಿ, ಎನ್ನುವುದು ಮುಖ್ಯವಾಗಿ ಎರಡು ಕಾಯಿಲೆಗಳ ಒಟ್ಟು ಹೆಸರು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡಕರುಳಿನದು. ಅದು ಸಾಮಾನ್ಯವಾಗಿ ಗುದನಾಳದಿಂದ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನಷ್ಟೇ ಹುಣ್ಣಾಗಿಸುತ್ತದೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಸಂಗಡಿಗರು ವರ್ಣಿಸಿದ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ನಡುನಡುವೆ ಜಾಗ ಬಿಟ್ಟು ಕಾಣಿಸಿಕೊಳ್ಳಬಹುದು. ಕರುಳಿನ ಗೋಡೆಯನ್ನು ಆಳದವರೆಗೂ ತಿನ್ನುತ್ತದೆ. ಅದರಿಂದಲೇ ಕರುಳು ಕಿರಿದಾಗುವುದು, ಫಿಸ್ಟುಲಾ (ಕರುಳಿನ ಗೋಡೆ ಕೊರೆದುಕೊಂಡು ಹೊರಬೀಳುವ ಸುರಂಗದಂಥ ಹುಣ್ಣು) ಆಗುವುದು. ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬಿದ್ದಿರುತ್ತದೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಬೇರೆ ತೊಂದರೆಯೊಂದಿದೆ, ಅದರಲ್ಲಿ ಹುಣ್ಣೂ ಇಲ್ಲ, ಉರಿಯೂತವೂ ಇಲ್ಲ. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಐಬಿಎಸ್‌ಗೆ ಹಿತವೆನಿಸಿದ ಚಿಕಿತ್ಸೆ ಐಬಿಡಿಯನ್ನೂ ವಾಸಿ ಮಾಡುತ್ತದೆ ಎಂಬ ಪ್ರಚಾರ ಹುಟ್ಟುವುದು ಈ ಗೊಂದಲದಿಂದಲೇ.

ಐಬಿಡಿಗೆ ಪೂರ್ತಿ ಗುಣಪಡಿಸುವ ಮದ್ದಿಲ್ಲ. ಮೆಸಲಮೀನ್, ಸ್ಟೆರಾಯ್ಡ್, ಅಜಥಯೋಪ್ರಿನ್, 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಅನುಮತಿ ಪಡೆದ ಇನ್‌ಫ್ಲಿಕ್ಸಿಮಾಬ್ ಮತ್ತು ಅದರ ನಂತರ ಬಂದ ದುಬಾರಿ ಚುಚ್ಚುಮದ್ದುಗಳು ಕಾಯಿಲೆಯನ್ನು ಹಿಡಿತದಲ್ಲಿಡುತ್ತವೆ. ಕೆಲವರಿಗೆ ಅವು ಒಗ್ಗುವುದಿಲ್ಲ, ಕೆಲವರಿಗೆ ಕ್ರಮೇಣ ಕೆಲಸ ಮಾಡುವುದನ್ನೇ ನಿಲ್ಲಿಸುತ್ತವೆ. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಶುರುವಾಗಿ ಜೀವನಪೂರ್ತಿ ಜೊತೆಗಿರುವ ಕಾಯಿಲೆಯವರು ಬೇರೆ ದಾರಿಗಳನ್ನು ಹುಡುಕಿದರೆ ಅವರನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಸಲ್ಲಬೇಕಾದದ್ದು ಸರಿಯಾದ ಮಾಹಿತಿ.

ಮಾಕ್ಸಾ ಎಂದರೆ ಉರಿಸುವ ಸೊಪ್ಪು. ಚೀನಾದಲ್ಲಿ ಇದಕ್ಕೆ ಬಳಸುವ ಗಿಡ ಆರ್ಟಿಮೀಸಿಯಾ ಆರ್ಗಿ. ಈ ಕುಲ ನಮಗೆ ಹೊಸದಲ್ಲ: ಗಣೇಶನ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಬರುವ ಮಾಚಿಪತ್ರೆ ಇದೇ ಕುಲದ್ದು, ಹೂಮಾಲೆಗೆ ಸೇರಿಸುವ ದವನವೂ ಇದೇ ಕುಲದ್ದು. ಚೀನಾದಲ್ಲಿ ಐದನೆಯ ಚಾಂದ್ರಮಾಸದ ಐದನೆಯ ದಿನ, ಡ್ರ್ಯಾಗನ್ ದೋಣಿ ಹಬ್ಬದಂದು, ಈ ಗಿಡದ ಕಟ್ಟನ್ನು ಬಾಗಿಲಿಗೆ ಕಟ್ಟುತ್ತಾರೆ. ಮದ್ದಿಗೆ ಸೊಪ್ಪು ಕೀಳುವುದೂ ಆ ಹೊತ್ತಿನಲ್ಲೇ. ಹುಬೇ ಪ್ರಾಂತ್ಯದ ಚಿಚುನ್ ಇದಕ್ಕೆ ಹೆಸರಾದ ಊರು. ಮೂಲಿಕೆಗಳ ಮಹಾಗ್ರಂಥ ಬರೆದ ಹದಿನಾರನೆಯ ಶತಮಾನದ ಲಿ ಶಿಝೆನ್ ಅಲ್ಲಿಯವನೇ.

ಎಲೆಯ ಅಡಿಭಾಗದಲ್ಲಿ ಬೆಳ್ಳಗೆ ಹತ್ತಿದಂತಿರುವ ನವಿರು ಕೂದಲುಗಳಿಗಾಗಿಯೇ ಇಷ್ಟೆಲ್ಲ ಶ್ರಮ. ಒಣಗಿದ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಮತ್ತೆ ಕುಟ್ಟಿ, ಪುಡಿಯನ್ನೂ ಕಡ್ಡಿಯನ್ನೂ ಕಳೆದರೆ ಉಳಿಯುವುದು ಮಾಸಲು ಹಳದಿಯ ಮೆತ್ತನೆಯ ಉಣ್ಣೆ. ಹೆಚ್ಚು ಸಲ ಜರಡಿ ಹಿಡಿದಷ್ಟೂ ಉಣ್ಣೆ ನವಿರಾಗುತ್ತದೆ, ಬೆಲೆಯೂ ಏರುತ್ತದೆ. ಎಲೆ ಹಳತಾಗಿರಬೇಕೆಂಬ ನಂಬಿಕೆಯೂ ಹಳೆಯದೇ. ಏಳು ವರ್ಷದ ಕಾಯಿಲೆಗೆ ಮೂರು ವರ್ಷದ ಸೊಪ್ಪು ಬೇಕು ಎಂಬ ಮಾತನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚಿಂತಕ ಮೆನ್ಸಿಯಸ್ ಆಡಿದ್ದಾನೆ. ಇದಕ್ಕೆ ಕಾರಣವಿದೆ. ಹೊಸ ಎಲೆಯಲ್ಲಿ ಆವಿಯಾಗುವ ಎಣ್ಣೆ ಹೆಚ್ಚು, ಅದು ಭಗ್ಗೆಂದು ಉರಿಯುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಇಳಿದು, ಕೆಂಡ ನಿಧಾನವಾಗಿ, ಒಂದೇ ಹದದಲ್ಲಿ ಉರಿಯುತ್ತದೆ.

ಶಾಖ ಕೊಡುವ ಕ್ರಮಗಳು ಹಲವು. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಉಣ್ಣೆಯನ್ನು ಕಾಗದದಲ್ಲಿ ಸುತ್ತಿದ, ಗೇಣುದ್ದದ ಕಡ್ಡಿ. ಅದರ ತುದಿಗೆ ಕಿಡಿ ತಾಗಿಸಿ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಚರ್ಮ ನಸುಗೆಂಪಾಗುವವರೆಗೆ ಹತ್ತು ಹದಿನೈದು ನಿಮಿಷ ಕಾಯಿಸುತ್ತಾರೆ. ಇನ್ನೊಂದು, ನಡುವೆ ಏನನ್ನಾದರೂ ಇಟ್ಟು ಸುಡುವುದು. ಶುಂಠಿಯ ಬಿಲ್ಲೆ, ಬೆಳ್ಳುಳ್ಳಿಯ ಬಿಲ್ಲೆ, ಇಲ್ಲವೇ ಹೊಕ್ಕುಳಿಗೆ ಉಪ್ಪು ತುಂಬಿ ಅದರ ಮೇಲೆ ಉಣ್ಣೆಯ ಪುಟ್ಟ ಗೋಪುರ. ವಾಂತಿಭೇದಿಯಿಂದ ಕುಸಿದವರಿಗೆ ಹೊಕ್ಕುಳಿನ ಉಪ್ಪಿನ ಮೇಲೆ ಸುಡುವ ಕ್ರಮವನ್ನು ನಾಲ್ಕನೆಯ ಶತಮಾನದ ಗೆ ಹೋಂಗ್ ಬರೆದಿಟ್ಟಿದ್ದಾನೆ. ಮಲೇರಿಯಾದ ಔಷಧ ಆರ್ಟಿಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದ ತು ಯೂಯೂ ಅವರಿಗೆ ಸುಳಿವು ಸಿಕ್ಕಿದ್ದೂ ಈ ಗೆ ಹೋಂಗ್‌ನ ಕೈಪಿಡಿಯಿಂದ, ಇದೇ ಕುಲದ ಇನ್ನೊಂದು ಗಿಡದ ಬಗ್ಗೆ.

ಶಾಂಘೈನ ಸಂಶೋಧಕರು ಐಬಿಡಿಗೆ ಬಳಸಿದ್ದು ಮೂಲಿಕೆಯ ಬಿಲ್ಲೆ. ಕಹಿಬೇರಿನ ಕಾಪ್ಟಿಸ್, ಶುದ್ಧಿ ಮಾಡಿದ ವತ್ಸನಾಭಿ ಜಾತಿಯ ಗೆಡ್ಡೆ, ದಾಲ್ಚಿನ್ನಿ, ಕುಸುಬೆ ಹೂವು ಮುಂತಾದವುಗಳ ಪುಡಿಯನ್ನು ಕಲಸಿ ನಾಣ್ಯದಂತೆ ಒತ್ತಿ, ಅದನ್ನು ಹೊಟ್ಟೆಯ ಅಕ್ಯುಪಂಕ್ಚರ್ ಬಿಂದುಗಳ ಮೇಲಿಟ್ಟು, ಮೇಲೆ ಮಾಕ್ಸಾ ಗೋಪುರ ಇಟ್ಟು ಉರಿಸುತ್ತಾರೆ. ಶಾಖಕ್ಕೂ ಸೂಜಿಗೂ ಬಳಸುವ ಬಿಂದುಗಳಲ್ಲಿ ಮುಖ್ಯವಾದವು ಹೊಕ್ಕುಳಿನ ಎಡಬಲಕ್ಕೆ ಇರುವ ತಿಯಾನ್‌ಶು, ಹೊಕ್ಕುಳಿನ ಕೆಳಗಿನ ಚಿಹಾಯ್, ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಝುಸಾನ್‌ಲಿ ಮತ್ತು ಅದರ ಕೆಳಗಿನ ಶಾಂಗ್‌ಜುಶು. ಹೊಕ್ಕುಳಿನಿಂದ ತಿಯಾನ್‌ಶು ಎರಡು ‘ಸುನ್’ ದೂರ. ಸುನ್ ಎಂದರೆ ರೋಗಿಯ ಸ್ವಂತ ಹೆಬ್ಬೆರಳಿನ ಅಗಲ. ಆಯುರ್ವೇದವೂ ರೋಗಿಯ ಬೆರಳಿನಿಂದಲೇ ಅಂಗುಲದ ಲೆಕ್ಕ ಹಾಕುತ್ತದೆ, ದೊಡ್ಡ ಮೈಗೂ ಚಿಕ್ಕ ಮೈಗೂ ಅಳತೆ ತಾನಾಗಿ ಹೊಂದಿಕೊಳ್ಳಲೆಂದು.

ಈಗ ಉಷ್ಣಕ್ಕೆ ಉಷ್ಣವೇ ಎಂಬ ಪ್ರಶ್ನೆ. ಚೀನೀ ವೈದ್ಯಪದ್ಧತಿಯ ಲೆಕ್ಕದಲ್ಲಿ ಎಲ್ಲ ಭೇದಿಯೂ ಒಂದೇ ಅಲ್ಲ. ರಕ್ತ, ಕೀವು, ದುರ್ವಾಸನೆ, ಜ್ವರ, ಹಳದಿ ನಾಲಿಗೆ ಇದ್ದರೆ ಅದು ತೇವ ಮತ್ತು ಉಷ್ಣ ಕೂಡಿದ ಸ್ಥಿತಿ. ಕಾಯಿಲೆ ಹಳತಾಗಿ, ಕೈಕಾಲು ತಣ್ಣಗಾಗಿ, ಶಕ್ತಿ ಕುಂದಿ, ನೀರು ನೀರಾಗಿ ಹೋಗುತ್ತಿದ್ದರೆ ಅದು ಶೀತದ, ಕೊರತೆಯ ಸ್ಥಿತಿ. ಬೆಳಗಿನ ಜಾವ ಕೋಳಿ ಕೂಗುವ ಹೊತ್ತಿಗೇ ಎಬ್ಬಿಸಿ ಓಡಿಸುವ ಭೇದಿಗೆ ಅವರಲ್ಲಿ ಪ್ರತ್ಯೇಕ ಹೆಸರೇ ಇದೆ. ಅದನ್ನು ಒಳಗಿನ ಬೆಂಕಿ ಆರಿದ್ದರ ಲಕ್ಷಣವೆಂದು ಓದುತ್ತಾರೆ. ಶಾಖ ಸಲ್ಲುವುದು ಈ ಎರಡನೆಯ ಬಗೆಗೆ. ಕ್ರಿಸ್ತಶಕ 200ರ ಸುಮಾರಿನ ವೈದ್ಯ ಝಾಂಗ್ ಝೋಂಗ್‌ಜಿಂಗ್, ನಾಡಿ ಸೂಕ್ಷ್ಮವಾಗಿ ವೇಗವಾಗಿ ಹರಿಯುತ್ತಿರುವವರಿಗೆ ಬೆಂಕಿ ತಾಗಿಸಬೇಡಿ, ಆ ಸಣ್ಣ ಬೆಂಕಿಯೂ ಒಳಹೊಕ್ಕು ರಕ್ತವನ್ನು ಕೆಡಿಸುತ್ತದೆ ಎಂದು ಎಚ್ಚರಿಸಿದ್ದ. ಉಷ್ಣದ ಕಾಯಿಲೆಗೂ ಶಾಖ ಕೊಡಬಹುದು, ಬೆಂಕಿ ಒಳಗಿನ ಬೆಂಕಿಯನ್ನು ಹೊರಗೆಳೆಯುತ್ತದೆ ಎಂಬ ಇನ್ನೊಂದು ಪಂಥವೂ ಬೆಳೆಯಿತು. ಚೀನೀ ವೈದ್ಯವೇ ಒಮ್ಮತಕ್ಕೆ ಬಂದಿಲ್ಲದ ಸಂಗತಿಯನ್ನು, ಐಬಿಡಿಗೆಲ್ಲ ರಾಮಬಾಣ ಎಂದು ಮಾರುವವರನ್ನು ನಂಬುವುದು ಹೇಗೆ?

ಇಂದಿನ ಜೀವವಿಜ್ಞಾನ ಈ ಶೀತೋಷ್ಣದ ಭಾಷೆಯನ್ನು ಬದಿಗಿಟ್ಟು ಬೇರೆಯೇ ದಾರಿಯಲ್ಲಿ ಹುಡುಕುತ್ತದೆ. ಹೊಟ್ಟೆಯ ಮೇಲಿನ ಶಾಖ ಕರುಳಿನವರೆಗೆ ನೇರವಾಗಿ ಇಳಿದು ಹುಣ್ಣನ್ನು ಕಾಯಿಸುವುದಿಲ್ಲ. ಚರ್ಮ, ಕೊಬ್ಬು, ಸ್ನಾಯು ದಾಟುವಷ್ಟರಲ್ಲಿ ಅದು ಇಳಿದುಹೋಗುತ್ತದೆ, ಹರಿಯುವ ರಕ್ತ ಅದನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಏನಾದರೂ ಆಗುವುದಿದ್ದರೆ ನರಗಳ ಮೂಲಕ ಆಗಬೇಕು. ಚರ್ಮದ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕ (ರಿಸೆಪ್ಟರ್) ಇದೆ. ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಚ್ಚರಗೊಳ್ಳುತ್ತದೆ, ಮೆಣಸಿನಕಾಯಿಯ ಖಾರಕ್ಕೂ ಎಚ್ಚರಗೊಳ್ಳುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮಾಕ್ಸಾ ಈ ಗ್ರಾಹಕವನ್ನು ಕೆಣಕಿ, ಬೆನ್ನುಹುರಿಯ ಮೂಲಕ ಕರುಳಿನ ಚಲನೆಯನ್ನೂ ಉರಿಯೂತದ ರಾಸಾಯನಿಕಗಳನ್ನೂ ಪ್ರಭಾವಿಸುತ್ತದೆ ಎಂಬುದು ಒಂದು ಊಹೆ. ರಾಸಾಯನಿಕ ಕೊಟ್ಟು ಕೊಲೈಟಿಸ್ ತರಿಸಿದ ಇಲಿಗಳಲ್ಲಿ ಮಾಕ್ಸಾ ಶಾಖದ ನಂತರ ಟಿಎನ್‌ಎಫ್-ಆಲ್ಫಾದಂತಹ ಉರಿಯೂತದ ಸಂಕೇತಗಳು ಇಳಿದದ್ದನ್ನು ಚೀನಾದ ಹಲವು ಪ್ರಯೋಗಗಳು ವರದಿ ಮಾಡಿವೆ. ಇನ್‌ಫ್ಲಿಕ್ಸಿಮಾಬ್ ತಡೆಯುವುದೂ ಇದೇ ಟಿಎನ್‌ಎಫ್ ಅನ್ನು.

ಬಿಂದುವಿನ ಜಾಗ ಮುಖ್ಯವೇ ಎಂಬುದಕ್ಕೆ 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇಲಿಗಳ ಪ್ರಯೋಗವೊಂದು ಬೆಳಕು ಚೆಲ್ಲಿತು. ಹಿಂಗಾಲಿನ ಝುಸಾನ್‌ಲಿ ಬಿಂದುವಿಗೆ ಕಡಿಮೆ ಪ್ರಮಾಣದ ವಿದ್ಯುತ್ ಕೊಟ್ಟಾಗ ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ದಾರಿ ತೆರೆದು ಉರಿಯೂತ ತಗ್ಗಿತು. ಅಷ್ಟೇ ಪ್ರಮಾಣವನ್ನು ಹೊಟ್ಟೆಯ ತಿಯಾನ್‌ಶು ಬಿಂದುವಿಗೆ ಕೊಟ್ಟಾಗ ಹಾಗಾಗಲಿಲ್ಲ, ಏಕೆಂದರೆ ಆ ದಾರಿಯನ್ನು ಚಾಲೂ ಮಾಡುವ ಬಗೆಯ ನರಗಳು ಕಾಲಿನ ಆಳದಲ್ಲಿವೆ. ನನಗೆ ಇದು ಬಹಳ ಮುಖ್ಯ ಎನಿಸುತ್ತದೆ: ಎಲ್ಲಿ ಮುಟ್ಟುತ್ತೇವೆ ಎಂಬುದರಿಂದ ದೇಹದ ಉತ್ತರ ಬದಲಾಗುತ್ತದೆ ಎನ್ನುವುದಕ್ಕೆ ಅಂಗರಚನೆಯ ಆಧಾರ ಸಿಕ್ಕಿತು. ಆದರೆ ಅದು ಸೂಜಿ ಮತ್ತು ವಿದ್ಯುತ್ತಿನ ಪ್ರಯೋಗ, ಶಾಖದ್ದಲ್ಲ, ಇಲಿಯದ್ದು, ಮನುಷ್ಯರದ್ದಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. ಜರ್ಮನಿಯ ತಂಡವೊಂದು 2004ರಲ್ಲಿ 51 ಕ್ರೋನ್ಸ್ ರೋಗಿಗಳ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ಸೂಜಿ ಮತ್ತು ಮಾಕ್ಸಾ, ಇನ್ನೊಂದಕ್ಕೆ ಹೆಸರಿಗಷ್ಟೇ ಚುಚ್ಚುವ ನಕಲಿ ಚಿಕಿತ್ಸೆ. ಕಾಯಿಲೆಯ ತೀವ್ರತೆಯನ್ನು ಅಳೆಯಲು ಸಿಡಿಎಐ ಎಂಬ ಅಂಕವಿದೆ; 150ಕ್ಕಿಂತ ಕೆಳಗಿಳಿದರೆ ಕಾಯಿಲೆ ಶಮನವಾಗಿದೆ ಎಂದು ಲೆಕ್ಕ. ನಿಜವಾದ ಚಿಕಿತ್ಸೆ ಪಡೆದವರ ಸರಾಸರಿ ಅಂಕ 250ರಿಂದ 163ಕ್ಕೆ ಇಳಿಯಿತು, ನಕಲಿಯವರದ್ದು 220ರಿಂದ 181ಕ್ಕೆ. ವ್ಯತ್ಯಾಸ ಇದೆ, ಆದರೆ ಸರಾಸರಿ ರೋಗಿ ಶಮನದ ಗೆರೆಯನ್ನು ದಾಟಲಿಲ್ಲ. ಅದೇ ತಂಡ 2006ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ನ 29 ರೋಗಿಗಳಲ್ಲೂ ಇಂಥದ್ದೇ ಫಲಿತಾಂಶ ಕಂಡಿತು. ರೋಗಿಗಳ ಸಂಖ್ಯೆ ಚಿಕ್ಕದು, ಮೇಲಾಗಿ ಸೂಜಿಯದೆಷ್ಟು, ಶಾಖದ್ದೆಷ್ಟು ಎಂದು ಬೇರ್ಪಡಿಸುವ ದಾರಿಯಿಲ್ಲ.

2010ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಅಲ್ಸರೇಟಿವ್ ಕೊಲೈಟಿಸ್‌ಗೆ ಮಾಕ್ಸಾ ಕೊಟ್ಟ ಪ್ರಯೋಗಗಳನ್ನೆಲ್ಲ ಜಾಲಾಡಿದರು. ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದವು ಐದೇ ಐದು, ಐದೂ ಚೀನಾದವು. ಎಲ್ಲವನ್ನೂ ಕೂಡಿಸಿ ನೋಡಿದಾಗ ಮಾಕ್ಸಾ ಗೆದ್ದಂತೆ ಕಂಡಿತು. ಆದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಮುಚ್ಚಿಟ್ಟಿರಲಿಲ್ಲ, ಪಕ್ಷಪಾತ ನುಸುಳಲು ಬಾಗಿಲು ತೆರೆದೇ ಇತ್ತು. ಸದ್ಯಕ್ಕಿರುವ ಪುರಾವೆ ಸಾಲದು ಎಂಬುದೇ ಅವರ ತೀರ್ಮಾನ. ಚೀನಾದ ಹಳೆಯ ಪ್ರಯೋಗಗಳನ್ನು ಓದುವಾಗ ಒಂದು ಸಂಗತಿ ನೆನಪಿರಲಿ: ಅವು ಹೆಚ್ಚಾಗಿ ‘ಒಟ್ಟು ಪರಿಣಾಮಕಾರಿ ಪ್ರಮಾಣ’ ಎಂಬ ಅಂಕಿಯನ್ನು ಕೊಡುತ್ತವೆ. ಪೂರ್ತಿ ಗುಣವಾದವರು, ಬಹಳ ಸುಧಾರಿಸಿದವರು, ಕೊಂಚ ಸುಧಾರಿಸಿದವರು ಎಲ್ಲರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ ಅಂಕಿ ಅದು. ಶೇಕಡಾ 90 ಎಂದು ಓದಿ ಹಿಗ್ಗುವ ಮೊದಲು ಅದರಲ್ಲಿ ಕೊಂಚ ಸುಧಾರಿಸಿದವರೆಷ್ಟು ಎಂದು ನೋಡಬೇಕು.

ಶಾಂಘೈ ತಂಡ ಈ ಟೀಕೆಗಳಿಂದ ಕಲಿತಿದೆ ಎಂಬುದು ನನ್ನ ಅಭಿಪ್ರಾಯ. 2014ರಲ್ಲಿ ಅವರು ಪ್ರಕಟಿಸಿದ 92 ಕ್ರೋನ್ಸ್ ರೋಗಿಗಳ ಪ್ರಯೋಗದಲ್ಲಿ ಒಂದು ಜಾಣ ಉಪಾಯವಿತ್ತು. ಮಾಕ್ಸಾದ ಬಿಸಿಯನ್ನೂ ಹೊಗೆಯನ್ನೂ ರೋಗಿಯಿಂದ ಮುಚ್ಚಿಡಲು ಆಗುವುದಿಲ್ಲ. ಗುಳಿಗೆಯಂತೆ ಬಣ್ಣ, ರುಚಿ ಒಂದೇ ಆಗಿರುವ ನಕಲಿ ಮಾಡಲು ಬರುವುದಿಲ್ಲ. ಅವರು ಹೋಲಿಕೆಯ ಗುಂಪಿಗೆ ಮೂಲಿಕೆಯ ಬದಲು ಗೋಧಿ ತೌಡಿನ ಬಿಲ್ಲೆ ಇಟ್ಟು ಅದರ ಮೇಲೂ ಮಾಕ್ಸಾ ಉರಿಸಿದರು, ಚಿಕಿತ್ಸೆಯ ಗುಂಪಿಗಿದ್ದ ನಿಜವಾದ ಸೂಜಿಯ ಬದಲು ಮೇಲುಮೇಲೆ ಚುಚ್ಚಿದರು. ವಾರಕ್ಕೆ ಮೂರು ಸಲದಂತೆ 12 ವಾರ. ಎರಡೂ ಗುಂಪುಗಳಲ್ಲಿ ಅಂಕ ಇಳಿಯಿತು. ಮೂಲಿಕೆಯ ಗುಂಪಿನಲ್ಲಿ ಹೆಚ್ಚು ಇಳಿಯಿತು. ತೌಡಿನ ಗುಂಪೂ ಸುಧಾರಿಸಿದ್ದನ್ನು ಗಮನಿಸಿ. ಬಿಸಿ, ಹೊಗೆ, ವಾರಕ್ಕೆ ಮೂರು ಸಲ ಮೈಮುಟ್ಟಿ ವಿಚಾರಿಸುವ ವೈದ್ಯರು ಇಷ್ಟರಿಂದಲೇ ರೋಗಿ ಸ್ವಲ್ಪ ಚೇತರಿಸಿಕೊಳ್ಳುತ್ತಾನೆ. ಅಲ್ಸರೇಟಿವ್ ಕೊಲೈಟಿಸ್‌ನ ಔಷಧ ಪ್ರಯೋಗಗಳಲ್ಲಿ ಬರೀ ಸಕ್ಕರೆ ಗುಳಿಗೆ ತೆಗೆದುಕೊಂಡವರಲ್ಲೂ ಸುಮಾರು ಮೂರನೆಯ ಒಂದು ಭಾಗದ ಜನ ಒಂದಿಷ್ಟು ಸುಧಾರಿಸುತ್ತಾರೆ.

2022ರಲ್ಲಿ ಅದೇ ತಂಡದ ಇನ್ನೊಂದು ಪ್ರಯೋಗ ಬಂತು. ಔಷಧಿಗೆ ಬಗ್ಗದ, ಸೌಮ್ಯದಿಂದ ಮಧ್ಯಮ ತೀವ್ರತೆಯ 66 ಕ್ರೋನ್ಸ್ ರೋಗಿಗಳು; ಅರ್ಧದಷ್ಟು ಜನರಿಗೆ ಸೂಜಿಯ ಜೊತೆ ಮಾಕ್ಸಾ ಶಾಖ, ಉಳಿದವರಿಗೆ ನಕಲಿ. 12 ವಾರಗಳ ಕೊನೆಯಲ್ಲಿ ಶಮನ ಕಂಡವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಶೇಕಡಾ 42ರಷ್ಟು ಅಂತರವಿತ್ತು. 48ನೆಯ ವಾರದಲ್ಲಿ ಎಂಡೋಸ್ಕೋಪಿಯ ಅಂಕ, ಅಂಗಾಂಶ ಪರೀಕ್ಷೆಯ ಅಂಕ, ಉರಿಯೂತವನ್ನು ಸೂಚಿಸುವ ರಕ್ತದ ಸಿಆರ್‌ಪಿ ಮೂರೂ ಚಿಕಿತ್ಸೆಯ ಗುಂಪಿನಲ್ಲಿ ಕಡಿಮೆಯಿದ್ದವು. ಕ್ರೋನ್ಸ್ ರೋಗಿಗಳ ಕರುಳಿನಲ್ಲಿ ಸಾಮಾನ್ಯವಾಗಿ ಕುಗ್ಗಿರುವ ಫೀಕಾಲಿಬ್ಯಾಕ್ಟೀರಿಯಂ ಎಂಬ ಉಪಕಾರಿ ಬ್ಯಾಕ್ಟೀರಿಯಾ ಹೆಚ್ಚಿದ್ದೂ ಕಂಡಿತು.

ಎಂಡೋಸ್ಕೋಪಿಯ ಮಾತಿಗೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಸಿಡಿಎಐ ಅಂಕದ ದೊಡ್ಡ ಪಾಲು ರೋಗಿ ವಾರವಿಡೀ ಬರೆದಿಟ್ಟ ದಿನಚರಿಯಿಂದ ಬರುತ್ತದೆ: ಎಷ್ಟು ಸಲ ನೀರಾಗಿ ಹೋಯಿತು, ಹೊಟ್ಟೆನೋವು ಎಷ್ಟಿತ್ತು, ಒಟ್ಟಾರೆ ಹೇಗನಿಸಿತು. ಬಿಸಿ ಶಾಖ ಯಾವ ಹೊಟ್ಟೆಗೂ ಹಿತವೇ. ಸೆಳೆತ ಸಡಿಲುತ್ತದೆ, ನಿದ್ದೆ ಬರುತ್ತದೆ, ದಿನಚರಿಯ ಅಂಕಗಳು ಇಳಿಯುತ್ತವೆ. ಒಳಗೆ ಹುಣ್ಣು ಹಾಗೆಯೇ ಇದ್ದಿರಬಹುದು. ಹುಣ್ಣು ಮಾಯದೆ ನೋವು ಮಾತ್ರ ಮಾಯವಾಗುವುದು ಈ ಕಾಯಿಲೆಯಲ್ಲಿ ಅಪಾಯದ ಸ್ಥಿತಿ. ಸದ್ದಿಲ್ಲದೆ ಮುಂದುವರಿದ ಉರಿಯೂತ ವರ್ಷಗಳ ನಂತರ ಕರುಳನ್ನು ಕಿರಿದಾಗಿಸುತ್ತದೆ, ದೊಡ್ಡಕರುಳಿನ ಬಹುಭಾಗ ಆವರಿಸಿದ ಕೊಲೈಟಿಸ್‌ನಲ್ಲಿ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಕಣ್ಣಾರೆ ಕಂಡ ಹುಣ್ಣಿನ ಲೆಕ್ಕ ಕೊಡುವ ಪ್ರಯೋಗಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 2022ರ ಪ್ರಯೋಗ ಆ ದಿಕ್ಕಿನಲ್ಲಿ ಇಟ್ಟ ಒಳ್ಳೆಯ ಹೆಜ್ಜೆ. ಆದರೆ ಒಂದು ತಂಡ, 66 ಜನ. ಬೇರೆ ದೇಶದ ಬೇರೆ ಕೈಗಳು ಅದನ್ನೇ ಮಾಡಿ ಅದೇ ಫಲ ಕಾಣುವವರೆಗೆ ಇದನ್ನು ಆಶಾದಾಯಕ ಎನ್ನಬಹುದೇ ಹೊರತು ಸಾಬೀತಾಗಿದೆ ಎನ್ನಲಾಗದು.

ಅಪಾಯಗಳು ಸಣ್ಣವಲ್ಲ. ನರ ಎಚ್ಚರಗೊಳ್ಳುವ ಬಿಸಿಗೂ ಚರ್ಮ ಸುಡುವ ಬಿಸಿಗೂ ನಡುವಿನ ಅಂತರ ಬಹಳ ಕಿರಿದು. 44 ಡಿಗ್ರಿಯಲ್ಲಿ ಚರ್ಮ ಸುಡಲು ಗಂಟೆಗಳು ಬೇಕು, 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಸಾಕು. ಗುಳ್ಳೆ ಏಳುವುದು, ಸುಟ್ಟ ಗಾಯ, ಅಲರ್ಜಿ ಇವೆಲ್ಲ ವರದಿಯಾಗಿವೆ. ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಂಡವರ ಚರ್ಮ ತೆಳುವಾಗಿರುತ್ತದೆ, ಬೇಗ ಸುಡುತ್ತದೆ, ತಡವಾಗಿ ಮಾಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಮೊಣಕಾಲಿನ ಕೆಳಗಿನ ಬಿಂದುವಿನಲ್ಲಿ ಸುಡುತ್ತಿರುವುದೇ ತಿಳಿಯುವುದಿಲ್ಲ. ಗರ್ಭಿಣಿಯರ ಹೊಟ್ಟೆಗೆ ಇದು ಬೇಡ. ಫಿಸ್ಟುಲಾದ ಬಾಯಿ ಅಥವಾ ಮಲ ಸಂಗ್ರಹಕ್ಕಾಗಿ ಹೊಟ್ಟೆಗೆ ಹಾಕಿದ ಚೀಲದ ಸುತ್ತಲೂ ಬೇಡ. ಹೊಗೆಯಲ್ಲಿ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಇರುತ್ತವೆ, ಗಾಳಿಯಾಡದ ಕೋಣೆಯಲ್ಲಿ ಆಸ್ತಮಾ ಇರುವವರಿಗೆ ಕಷ್ಟ.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಟ್ಟೆನೋವಿಗೆ, ಕಾಮಾಲೆಗೆ ಮಕ್ಕಳ ಹೊಟ್ಟೆಯ ಮೇಲೆ ಬರೆ ಹಾಕುವ ರೂಢಿ ನಮ್ಮ ಹಳ್ಳಿಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಚೀನಾದಲ್ಲೂ ಹಿಂದೆ ಚರ್ಮದ ಮೇಲೆಯೇ ಸುಟ್ಟು ಬೇಕೆಂದೇ ಕಲೆ ಉಳಿಸುವ ಕ್ರಮವಿತ್ತು. ಶಾಂಘೈನ ಪ್ರಯೋಗಗಳು ಅದರ ಬಗ್ಗೆ ಅಲ್ಲ. ಅಲ್ಲಿನ ಫಲಿತಾಂಶವನ್ನು ತೋರಿಸಿ ಬರೆಯನ್ನು ಸಮರ್ಥಿಸುವವರು ಸಿಕ್ಕರೆ ಅವರಿಗೆ ಒಂದು ಕ್ಷಣವೂ ಕಿವಿಗೊಡಬೇಡಿ. ಕಾದ ಕಬ್ಬಿಣದಿಂದ ಮಗುವಿಗೆ ಸಿಗುವುದು ಸುಟ್ಟ ಗಾಯ, ಸೋಂಕು ಮತ್ತು ಆಸ್ಪತ್ರೆಗೆ ತಡವಾಗಿ ತಲುಪುವ ಅಪಾಯ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಒಂದೇ ಥರ. ಜ್ವರ, ತೂಕ ಇಳಿಯುವುದು, ಭೇದಿ, ಹೊಟ್ಟೆನೋವು, ಹುಣ್ಣು ಎರಡರಲ್ಲೂ ಇರುತ್ತವೆ. ಬಯಾಪ್ಸಿ ಮಾಡಿಯೂ ವೈದ್ಯರು ಕೆಲವೊಮ್ಮೆ ತಡವರಿಸುತ್ತಾರೆ. ಕಾಯಿಲೆ ಯಾವುದೆಂದು ನಿರ್ಧಾರವಾಗುವ ಮೊದಲೇ ಶಾಖದ ಮೊರೆಹೋದರೆ, ನೋವು ತಗ್ಗಿದ ನೆಮ್ಮದಿಯಲ್ಲಿ ಕ್ಷಯಕ್ಕೆ ಬೇಕಾದ ಔಷಧಿ ತಿಂಗಳುಗಟ್ಟಲೆ ಮುಂದೆ ಹೋಗಬಹುದು.

ಇಷ್ಟರ ಮೇಲೂ ಪ್ರಯತ್ನಿಸಿ ನೋಡಬೇಕೆನ್ನುವವರಿಗೆ ದಾರಿಯಿದೆ. ಕರ್ನಾಟಕದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಕಲಿಸುತ್ತಾರೆ, ಆ ಪದವೀಧರರ ಆಸ್ಪತ್ರೆಗಳೂ ಇವೆ. ಹೋಗುವ ಮೊದಲು ಕರುಳಿನ ತಜ್ಞರಿಗೆ ಹೇಳಿ, ಮುಚ್ಚಿಡಬೇಡಿ. ಮೆಸಲಮೀನ್ ಆಗಲಿ, ಚುಚ್ಚುಮದ್ದಾಗಲಿ ಒಂದು ಡೋಸನ್ನೂ ನೀವಾಗಿ ನಿಲ್ಲಿಸಬೇಡಿ. ಸ್ಟೆರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಶುರುಮಾಡುವ ಮೊದಲು ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ ಅಂಕಿ ಬರೆದಿಡಿ. ಕರುಳಿನಲ್ಲಿ ಉರಿಯೂತ ಎಷ್ಟಿದೆ ಎಂಬುದನ್ನು ಅದು ಕೊಲೊನೋಸ್ಕೋಪಿ ಇಲ್ಲದೆಯೇ ಸಾಕಷ್ಟು ಚೆನ್ನಾಗಿ ಹೇಳುತ್ತದೆ. 12 ವಾರಗಳ ನಂತರ ಅದನ್ನೇ ಮತ್ತೆ ಮಾಡಿಸಿ. ಅಂಕಿ ಇಳಿದಿದ್ದರೆ ವೈದ್ಯರೊಂದಿಗೆ ಮಾತಾಡಿ ಮುಂದುವರಿಸಬಹುದು. ಆದರೂ ಇಳಿದದ್ದು ಶಾಖದಿಂದಲೋ ಜೊತೆಗಿರುವ ಔಷಧಿಯಿಂದಲೋ ಎಂದು ಆ ಒಂದು ಪರೀಕ್ಷೆಯಿಂದ ತಿಳಿಯುವುದಿಲ್ಲ. ಹಿತವೆನಿಸುತ್ತಿದ್ದರೂ ಅಂಕಿ ಇಳಿದಿಲ್ಲವೆಂದರೆ, ಶಾಖ ನಿಮ್ಮ ನೋವನ್ನು ತಗ್ಗಿಸುತ್ತಿದೆ, ಉರಿಯೂತವನ್ನಲ್ಲ. ಔಷಧಿಯನ್ನು ಬದಲಿಸುವ ಮಾತನ್ನು ತಜ್ಞರ ಬಳಿ ತಕ್ಷಣ ಎತ್ತಬೇಕು. ಜ್ವರ ಬಂದು ಹೊಟ್ಟೆ ಉಬ್ಬಿ ಬಿಗಿದರೆ, ರಕ್ತ ಹೆಚ್ಚಾಗಿ ಬಿದ್ದರೆ, ವಾಂತಿಯಾಗಿ ಗಾಳಿಯೂ ಮಲವೂ ಹೋಗದೆ ನಿಂತರೆ ಆ ದಿನ ಶಾಖ ಕೊಡಿಸಿಕೊಳ್ಳದೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.